ಕಣ್ಣು ಕಂಡಿದೆ, ಅವರಿಗೆ ಮಾತ್ರ ಗೊತ್ತಿಲ್ಲ

2008ರಲ್ಲಿ ವಿಜ್ಞಾನಿಗಳು ಒಂದು ಪುಟ್ಟ ವಿಡಿಯೊ ಹೊರಗೆ ಬಿಟ್ಟರು. ಅದರಲ್ಲಿ ಒಂದು ಉದ್ದನೆಯ ಕಾರಿಡಾರ್ ಇದೆ. ಅಲ್ಲಲ್ಲಿ ಕಸದ ಬುಟ್ಟಿ, ಟ್ರೈಪಾಡ್, ರಟ್ಟಿನ ಡಬ್ಬಗಳನ್ನು ಇಟ್ಟಿದ್ದಾರೆ. ಒಬ್ಬರು ಕೋಲಿಲ್ಲದೆ ಮೆಲ್ಲಗೆ ನಡೆದು ಬರುತ್ತಾರೆ. ಡಬ್ಬ ಅಡ್ಡ ಬಂದರೆ ಪಕ್ಕಕ್ಕೆ ಸರಿಯುತ್ತಾರೆ. ಜಾಗ ಕಿರಿದಾದರೆ ಗೋಡೆಗೆ ಒತ್ತಿಕೊಂಡು ದಾಟುತ್ತಾರೆ. ಒಂದಕ್ಕೂ ತಾಗದೆ ಆ ಕೊನೆ ಮುಟ್ಟುತ್ತಾರೆ. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ.

ಸಂಶೋಧನಾ ಲೇಖನಗಳಲ್ಲಿ ಅವರನ್ನು ಟಿ.ಎನ್. ಎಂದಷ್ಟೇ ಕರೆಯುತ್ತಾರೆ. ವೃತ್ತಿಯಿಂದ ಅವರು ಡಾಕ್ಟರ್. ಸ್ವಲ್ಪ ದಿನಗಳ ಅಂತರದಲ್ಲಿ ಅವರಿಗೆ ಎರಡು ಸಲ ಸ್ಟ್ರೋಕ್ ಆಯಿತು. ಒಂದು ಸಲ ಮಿದುಳಿನ ಹಿಂಭಾಗದ ಒಂದು ಕಡೆ, ಇನ್ನೊಂದು ಸಲ ಮತ್ತೊಂದು ಕಡೆ. ಎರಡೂ ಸೇರಿ ನೋಟಕ್ಕೆ ಮೀಸಲಾದ ಜಾಗವನ್ನು ಪೂರ್ತಿ ಹಾಳು ಮಾಡಿದವು. ಕಣ್ಣುಗುಡ್ಡೆಗಳು ಮಾತ್ರ ಚೆನ್ನಾಗಿಯೇ ಇದ್ದವು. ದಿನನಿತ್ಯ ಅವರು ಕೋಲು ಹಿಡಿದೇ ಓಡಾಡುತ್ತಿದ್ದರು. ಕಾರಿಡಾರಿನಲ್ಲಿ ಏನೇನು ಇಟ್ಟಿದೆ ಅಂತ ಅವರಿಗೆ ಹೇಳಿರಲಿಲ್ಲ. ದಾಟಿದ ಮೇಲೆ ಕೇಳಿದರೆ, ಏನನ್ನೋ ತಪ್ಪಿಸಿಕೊಂಡು ಬಂದೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಸುಮ್ನೆ ನೇರವಾಗಿ ನಡೆದು ಬಂದೆ ಅಂದುಕೊಂಡಿದ್ದರು.

ಆ ವಿಡಿಯೊದಲ್ಲಿ, ಎಲ್ಲಾದರೂ ಎಡವಿದರೆ ಹಿಡಿಯೋಣ ಅಂತ, ಟಿ.ಎನ್. ಬೆನ್ನಿಗೇ ವಯಸ್ಸಾದ ಒಬ್ಬರು ನಡೆದು ಬರುತ್ತಾರೆ. ಅವರು ಲಾರೆನ್ಸ್ ವೈಸ್‌ಕ್ರಾಂಟ್ಸ್. ಈ ವಿಚಿತ್ರ ಸ್ಥಿತಿಗೆ ಬ್ಲೈಂಡ್‌ಸೈಟ್ ಅಂತ ಹೆಸರಿಟ್ಟವರೇ ಅವರು. ಹೆಸರಿಟ್ಟಿದ್ದು ಅದಕ್ಕೂ ಮೂವತ್ತಕ್ಕೂ ಹೆಚ್ಚು ವರ್ಷ ಹಿಂದೆ, ಬೇರೊಬ್ಬ ರೋಗಿಯ ಕಾರಣಕ್ಕೆ.

ಆ ರೋಗಿಯ ಗುರುತು ಡಿ.ಬಿ. ಇಂಗ್ಲೆಂಡಿನವರು. ಹದಿಹರೆಯದಿಂದಲೇ ಅವರಿಗೆ ಭಯಂಕರ ತಲೆನೋವು. ನೋವು ಬರುವ ಮುಂಚೆ ಕಣ್ಣಮುಂದೆ ಬೆಳಕು ಮಿನುಗುತ್ತಿತ್ತು. ಮಿದುಳಿನ ಬಲಭಾಗದ ಹಿಂದುಗಡೆ ರಕ್ತನಾಳಗಳು ಗಂಟುಗಂಟಾಗಿ ಸಿಕ್ಕಿಕೊಂಡಿದ್ದವು. 1973ರಲ್ಲಿ ಲಂಡನ್ನಿನಲ್ಲಿ ಆಪರೇಷನ್ ಮಾಡಿ ಆ ಭಾಗವನ್ನು ತೆಗೆದರು. ತಲೆನೋವು ಹತೋಟಿಗೆ ಬಂತು. ಆದರೆ ಎಡಗಡೆಯ ನೋಟ ಹೋಯಿತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೋಗಿದ್ದು ಎಡಗಣ್ಣಿನ ನೋಟ ಅಲ್ಲ. ನೇರವಾಗಿ ಎದುರಿಗೆ ನೋಡಿದಾಗ ಮೂಗಿನ ಎಡಕ್ಕೆ ಇರುವ ಪ್ರಪಂಚ ಎರಡೂ ಕಣ್ಣಿಗೆ ಬೀಳುತ್ತದೆ, ಆದರೆ ಎರಡೂ ಕಣ್ಣಿನ ಆ ಸುದ್ದಿ ಮಿದುಳಿನ ಬಲಭಾಗಕ್ಕೆ ಹೋಗುತ್ತದೆ. ಆ ಭಾಗ ಇಲ್ಲ ಅಂದರೆ ಯಾವ ಕಣ್ಣು ತೆರೆದರೂ ಎಡಗಡೆ ಇರುವುದು ಕಾಣುವುದಿಲ್ಲ.

ಡಿ.ಬಿ.ಯನ್ನು ನೋಡುತ್ತಿದ್ದ ಕಣ್ಣಿನ ಡಾಕ್ಟರ್ ಮೈಕಲ್ ಸ್ಯಾಂಡರ್ಸ್ ಒಂದು ವಿಷಯ ಗಮನಿಸಿದರು. ಎಡಗಡೆಯಿಂದ ಕೈ ಚಾಚಿದರೆ ಡಿ.ಬಿ. ಕೈ ಮುಂದೆ ಮಾಡಿ ಅದನ್ನು ಮುಟ್ಟುತ್ತಿದ್ದರು. ಕಾಣುತ್ತಾ ಅಂತ ಕೇಳಿದರೆ ಇಲ್ಲ ಅನ್ನುತ್ತಿದ್ದರು. ಇಷ್ಟು ಸಣ್ಣ ವಿಷಯವನ್ನು ಆಕಸ್ಮಿಕ ಅಂತ ಬಿಟ್ಟುಬಿಡುವುದು ತುಂಬ ಸುಲಭವಿತ್ತು. ಅವರು ಬಿಡಲಿಲ್ಲ. ವೈಸ್‌ಕ್ರಾಂಟ್ಸ್, ಎಲಿಜಬೆತ್ ವಾರಿಂಗ್ಟನ್ ಮುಂತಾದವರ ಜೊತೆ ಸೇರಿ ಕ್ರಮವಾಗಿ ಪರೀಕ್ಷೆ ಶುರು ಮಾಡಿದರು.

ಪರೀಕ್ಷೆಯ ವಿಧಾನ ಸರಳ. ಡಿ.ಬಿ. ಎದುರಿನ ಒಂದು ಬಿಂದುವನ್ನೇ ನೋಡುತ್ತಿರಬೇಕು. ಕಾಣದ ಕಡೆ ಒಂದು ಬೆಳಕು ಮಿಂಚಿ ಮಾಯವಾಗುತ್ತದೆ. ಎಲ್ಲಿ ಮಿಂಚಿತು ಅಂತ ಬೆರಳು ತೋರಿಸಬೇಕು. "ಕಾಣಿಸದೇ ಇದ್ದರೆ ಹೇಗೆ ತೋರಿಸಲಿ" ಅನ್ನುವುದು ಸಹಜ ಪ್ರಶ್ನೆ. ಅದಕ್ಕೆ ಉತ್ತರ: ಪರವಾಗಿಲ್ಲ, ಊಹೆ ಮಾಡಿ. ಅವರು ಊಹೆ ಮಾಡಿದರು. ಬೆರಳು ಮತ್ತೆ ಮತ್ತೆ ಸರಿಯಾದ ಜಾಗದ ಹತ್ತಿರವೇ ಹೋಯಿತು. ಗೆರೆ ನಿಂತಿದೆಯೋ ಮಲಗಿದೆಯೋ, ತೋರಿಸಿದ್ದು ಗುಣಾಕಾರ ಚಿಹ್ನೆಯೋ ಸೊನ್ನೆಯೋ ಅಂತ ಕೇಳಿದಾಗಲೂ ಊಹೆ ಸರಿಯಾಗುತ್ತಲೇ ಹೋಯಿತು. ಕಣ್ಣು ಮುಚ್ಚಿ ಹೇಳಿದರೆ ಎರಡರಲ್ಲಿ ಒಂದು ಸರಿಯಾಗಬೇಕು. ಇವರದು ಅದನ್ನು ಮೀರಿ ಎಷ್ಟೋ ಮುಂದೆ ಹೋಗಿತ್ತು. ಫಲಿತಾಂಶ ತಿಳಿಸಿದಾಗ ಎಲ್ಲರಿಗಿಂತ ಜಾಸ್ತಿ ಆಶ್ಚರ್ಯಪಟ್ಟವರು ಡಿ.ಬಿ.ಯೇ. ನನಗೇನೂ ಕಾಣಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ ಅನ್ನುವುದೇ ಅವರ ಮಾತು. 1974ರಲ್ಲಿ ಇದು ಪ್ರಕಟವಾಯಿತು.

ಇದರ ಸುಳಿವು ಮೊದಲೂ ಸಿಕ್ಕಿತ್ತು. ಮೊದಲನೇ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದ ಸೈನಿಕರನ್ನು ಪರೀಕ್ಷಿಸಿದ ಜಾರ್ಜ್ ರಿಡಕ್, 1917ರಲ್ಲೇ ಒಂದು ಮಾತು ಬರೆದಿದ್ದರು. ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣದಿದ್ದರೂ, ಏನಾದರೂ ಅಲ್ಲಾಡಿದರೆ ಕೆಲವರಿಗೆ ಗೊತ್ತಾಗುತ್ತಿತ್ತು. ಆಮೇಲೆ 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಹೆಲೆನ್ ಅನ್ನುವ ಒಂದು ಕೋತಿ ಇತ್ತು. ವೈಸ್‌ಕ್ರಾಂಟ್ಸ್ ಅದರ ಮಿದುಳಿನ ನೋಟದ ಭಾಗ ತೆಗೆದಿದ್ದರು. ಅದು ಕುರುಡು ಅಂತಲೇ ಎಲ್ಲರೂ ತಿಳಿದಿದ್ದರು. ನಿಕೊಲಸ್ ಹಂಫ್ರಿ ಆಗ ಅಲ್ಲಿ ಇನ್ನೂ ವಿದ್ಯಾರ್ಥಿ. ಅದರ ಜೊತೆ ಕೂತು, ಆಡಿಸಿ, ಆಮೇಲೆ ಹೊರಗೆ ಸುತ್ತಾಡಿಸಿ, ವರ್ಷಗಟ್ಟಲೆ ಸಮಯ ಕೊಟ್ಟರು. ಕೊನೆಗೆ ಹೆಲೆನ್ ಕೋಣೆ ತುಂಬ ಓಡಾಡಿ, ಅಡ್ಡ ಇದ್ದದ್ದನ್ನು ತಪ್ಪಿಸಿ, ನೆಲದ ಮೇಲೆ ಬಿದ್ದ ಒಣದ್ರಾಕ್ಷಿ ಹೆಕ್ಕಿ ತಿನ್ನುತ್ತಿತ್ತು. ಎದುರಿಗೆ ಏನೋ ಇದೆ ಅನ್ನುವುದು ಅದಕ್ಕೆ ತಿಳಿಯುತ್ತಿತ್ತು. ಅದು ಏನು ಅಂತ ಗುರುತಿಸಲು ಆಗುತ್ತಿರಲಿಲ್ಲ. ಆದರೆ ಹೆಲೆನ್‌ಗೆ ಹೇಗೆ ಅನ್ನಿಸುತ್ತಿದೆ ಅಂತ ಕೇಳುವ ದಾರಿ ಇರಲಿಲ್ಲ. ಡಿ.ಬಿ. ಬಂದ ಮೇಲೆ ಆ ಪ್ರಶ್ನೆಗೆ ಬಾಯಿ ಬಂತು.

ಇಷ್ಟು ಓದಿದ ಯಾರಿಗಾದರೂ ಅನುಮಾನ ಬರಬೇಕು. ಬರುವುದೇ ಸರಿ. ಬೆಳಕು ಕಣ್ಣಿನೊಳಗೆ ಚೆದುರಿ ಕಾಣುವ ಭಾಗಕ್ಕೂ ಸ್ವಲ್ಪ ತಲುಪಿರಬಹುದು, ಅದನ್ನು ಹಿಡಿದು ಡಿ.ಬಿ. ಉತ್ತರ ಕೊಟ್ಟಿರಬಹುದು ಅಲ್ವಾ? 1980ರ ದಶಕದಲ್ಲಿ ಹಲವರು ಇದೇ ಆಕ್ಷೇಪ ಎತ್ತಿದರು. ಇದಕ್ಕೆ ವೈಸ್‌ಕ್ರಾಂಟ್ಸ್ ಕೊಟ್ಟ ಉತ್ತರ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು. ಅದು ಅರ್ಥವಾಗಬೇಕಾದರೆ ನೀವು ಮೊದಲು ನಿಮ್ಮ ಕಣ್ಣಿನಲ್ಲೇ ಇರುವ ಒಂದು ಕುರುಡು ಜಾಗ ನೋಡಬೇಕು.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಕೂಡುವ ಚಿಹ್ನೆ ಬರೆಯಿರಿ. ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಕೂಡುವ ಚಿಹ್ನೆಯನ್ನೇ ನೋಡಿ, ಚುಕ್ಕೆಯ ಕಡೆ ಕಣ್ಣು ಹೊರಳಿಸಬೇಡಿ. ಕೈ ಚಾಚಿ ಹಿಡಿದ ಹಾಳೆಯನ್ನು ಮೆಲ್ಲಗೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ. ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ, ಅದಕ್ಕೇ ಹೀಗೆ. ಫ್ರಾನ್ಸಿನ ಎಡ್ಮೆ ಮಾರಿಯೊಟ್ ಇದನ್ನು 17ನೇ ಶತಮಾನದಲ್ಲೇ ಕಂಡುಹಿಡಿದಿದ್ದರು. ಇನ್ನೊಂದು ಗಮನಿಸಿ. ಚುಕ್ಕೆ ಮಾಯವಾದಾಗ ಅಲ್ಲಿ ತೂತು ಕಾಣುವುದಿಲ್ಲ. ಬಿಳಿ ಹಾಳೆಯೇ ಕಾಣುತ್ತದೆ. ಇಲ್ಲದ ಜಾಗವನ್ನು ಮಿದುಳು ಸುತ್ತಲಿನ ಬಿಳಿಯಿಂದ ಮುಚ್ಚಿಬಿಡುತ್ತದೆ, ನಮಗೆ ಒಂದು ಮಾತೂ ಹೇಳದೆ.

ವೈಸ್‌ಕ್ರಾಂಟ್ಸ್ ಮಾಡಿದ್ದು ಇಷ್ಟೇ. ಡಿ.ಬಿ.ಯ ಕುರುಡು ಭಾಗದೊಳಗೇ ಈ ಹುಟ್ಟುಕುರುಡು ಜಾಗ ಎಲ್ಲಿ ಬೀಳುತ್ತದೆ ಅಂತ ಗುರುತಿಸಿ, ಬೆಳಕನ್ನು ಸರಿಯಾಗಿ ಅಲ್ಲಿಗೆ ಬಿಟ್ಟರು. ಬೆಳಕು ಚೆದುರಿ ಕೆಲಸ ಮಾಡುತ್ತಿದ್ದರೆ ಇಲ್ಲಿಂದಲೂ ಚೆದುರಬೇಕಿತ್ತು, ಡಿ.ಬಿ. ಸರಿಯಾಗಿ ಹೇಳಬೇಕಿತ್ತು. ಹೇಳಲು ಆಗಲಿಲ್ಲ. ಬೆಳಕನ್ನು ಸ್ವಲ್ಪ ಪಕ್ಕಕ್ಕೆ, ಕಣ್ಣಿನಲ್ಲಿ ಕೋಶಗಳಿರುವ ಜಾಗಕ್ಕೆ ಸರಿಸಿದರೆ ಊಹೆ ಮತ್ತೆ ಸರಿಯಾಯಿತು. ಡಿ.ಬಿ.ಗಂತೂ ಎರಡೂ ಕಡೆ ಒಂದೇ, ಎರಡೂ ಕಡೆ ಏನೂ ಕಾಣುತ್ತಿಲ್ಲ. ಅಂದರೆ ಸುದ್ದಿ ಕಣ್ಣಿನಿಂದಲೇ ಒಳಗೆ ಹೋಗುತ್ತಿದೆ, ಕುರುಡು ಭಾಗದ ಮೂಲಕವೇ ಹೋಗುತ್ತಿದೆ.

ಹಾಗಾದರೆ ಯಾವ ದಾರಿಯಲ್ಲಿ? ಒಂದೊಂದು ಕಣ್ಣಿನಿಂದಲೂ ಸುಮಾರು ಹತ್ತು ಲಕ್ಷ ನರತಂತುಗಳು ಮಿದುಳಿಗೆ ಹೋಗುತ್ತವೆ. ಅದರಲ್ಲಿ ಬಹುಪಾಲು ಮಿದುಳಿನ ನಡುವೆ ಇರುವ ಥಾಲಮಸ್ ಎಂಬ ಭಾಗದಲ್ಲಿ ಒಂದು ಸಲ ನಿಂತು, ಅಲ್ಲಿಂದ ತಲೆಯ ಹಿಂಭಾಗಕ್ಕೆ ತಲುಪುತ್ತವೆ. ಇದು ಹೆದ್ದಾರಿ. ಇನ್ನು ಸುಮಾರು ಹತ್ತರಲ್ಲಿ ಒಂದು ಪಾಲು ತಂತುಗಳು ಹಳೆಯ ಒಳದಾರಿ ಹಿಡಿದು ಮಿದುಳಿನ ಕಾಂಡದ ಮೇಲಿರುವ ಒಂದು ಪುಟ್ಟ ಉಬ್ಬಿಗೆ ಹೋಗುತ್ತವೆ. ಅದರ ಹೆಸರು ಸುಪೀರಿಯರ್ ಕೊಲಿಕ್ಯುಲಸ್. ಕಪ್ಪೆ, ಮೀನುಗಳಲ್ಲಿ ನೋಟದ ಮುಖ್ಯ ಕೇಂದ್ರ ಇದೇ ಜಾಗ. ನಮ್ಮಲ್ಲಿ ಅದು ಮೂಲೆಗೆ ಸರಿದಿದೆ, ಆದರೆ ಕೆಲಸ ಬಿಟ್ಟಿಲ್ಲ. ಪಕ್ಕದಲ್ಲಿ ಏನೋ ಸರಿದಾಗ ಕಣ್ಣು ತಾನಾಗಿ ಆ ಕಡೆ ಹೊರಳುವುದರಲ್ಲಿ ಅದರ ಕೈ ದೊಡ್ಡದು. ಇದಲ್ಲದೆ ಥಾಲಮಸ್‌ನಿಂದ ನೇರವಾಗಿ, ಚಲನೆ ಗುರುತಿಸುವ ಭಾಗಕ್ಕೆ ಹೋಗುವ ತಂತುಗಳೂ ಇವೆ. ಹೆದ್ದಾರಿ ಕಡಿದು ಹೋದರೂ ಈ ದಾರಿಗಳಲ್ಲಿ ಸುದ್ದಿ ಓಡಾಡುತ್ತಿರುತ್ತದೆ. ರಿಡಕ್‌ನ ಸೈನಿಕರಿಗೆ ಚಲನೆ ಮಾತ್ರ ತಿಳಿದಿದ್ದು ಏಕೆ ಅನ್ನುವುದಕ್ಕೆ ಇಲ್ಲಿ ಒಂದು ಉತ್ತರ ಸಿಗುತ್ತದೆ.

ಟಿ.ಎನ್. ಸದ್ದು ಕೇಳಿಕೊಂಡು ನಡೆದಿರಬಹುದು ಅನ್ನುವವರಿದ್ದಾರೆ. ಟಿ.ಎನ್. ಮೇಲೆ ಆ ನಡಿಗೆಗೂ ಮುಂಚೆ, 2005ರಲ್ಲಿ, ಇನ್ನೊಂದು ಪರೀಕ್ಷೆಯ ಫಲಿತಾಂಶ ಬಂದಿತ್ತು. ಜಿನೀವಾದ ಅಲನ್ ಪೆನ್ಯಾ ಮತ್ತು ಜೊತೆಯವರು ಚಿತ್ರಗಳನ್ನು ತೋರಿಸಿ ಊಹಿಸಲು ಹೇಳಿದರು. ವೃತ್ತವೋ ಚೌಕವೋ? ಸುಮ್ನೆ ಊಹೆ, ಅರ್ಧ ಸರಿ ಅರ್ಧ ತಪ್ಪು. ಗಂಡಿನ ಮುಖವೋ ಹೆಣ್ಣಿನ ಮುಖವೋ? ಅದೂ ಅಷ್ಟೇ. ಮುಖದಲ್ಲಿ ನಗು ಇದೆಯೋ ಸಿಟ್ಟಿದೆಯೋ ಅಂತ ಕೇಳಿದಾಗ ಮಾತ್ರ ಊಹೆ ಅರ್ಧಕ್ಕಿಂತ ಮೇಲೆ ಹೋಯಿತು. ಮುಖದ ಚಿತ್ರಕ್ಕೆ ಸದ್ದಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲಿ ಭಾವಮುದ್ರೆಯಿದ್ದ ಮುಖ ತೋರಿಸಿದಾಗ ಅಮಿಗ್ಡಲಾ ಚುರುಕಾಗಿತ್ತು. ಅಪಾಯ, ಭಯಗಳಿಗೆ ಬೇಗ ಎಚ್ಚೆತ್ತುಕೊಳ್ಳುವ ಭಾಗ ಅದು. ಎದುರಿಗೆ ಮುಖ ಇದೆ ಅನ್ನುವುದೇ ಗೊತ್ತಿಲ್ಲದ ಮನುಷ್ಯನೊಳಗೆ, ಆ ಮುಖ ಸಿಟ್ಟಾಗಿದೆ ಅನ್ನುವುದು ಯಾವುದೋ ಮೂಲೆಗೆ ಗೊತ್ತಿದೆ. ಪ್ರತಿ ಸಲ ಓದಿದಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಇಂಥವರಿಗೆ ನಿಜವಾಗಿಯೂ ಕಾಣುತ್ತಿಲ್ಲವೋ, ಮಂದವಾಗಿ ಕಂಡರೂ ಹೇಳಲು ಹಿಂಜರಿಯುತ್ತಿದ್ದಾರೋ? ಇದನ್ನು ಹಿಡಿಯಲು ಜಾಣ ಉಪಾಯಗಳನ್ನು ಮಾಡಿದ್ದಾರೆ. ಒಂದು 2007ರದು. ಜಿ.ವೈ. ಅನ್ನುವ ಬ್ಲೈಂಡ್‌ಸೈಟ್ ವ್ಯಕ್ತಿಗೆ ದುಡ್ಡಿನ ಬಾಜಿ ಕಟ್ಟಲು ಹೇಳಿದರು. ಕಾಣದ ಕಡೆ ಏನಾದರೂ ಬಂತೋ ಇಲ್ಲವೋ ಹೇಳಬೇಕು, ತನ್ನ ಉತ್ತರದ ಮೇಲೆ ಸಣ್ಣ ಬಾಜಿಯೋ ದೊಡ್ಡ ಬಾಜಿಯೋ ಕಟ್ಟಬೇಕು. ಹತ್ತರಲ್ಲಿ ಸುಮಾರು ಏಳು ಉತ್ತರ ಸರಿ. ಆದರೂ ಉತ್ತರ ಸರಿಯಿದ್ದ ಎಷ್ಟೋ ಕಡೆ ಸಣ್ಣ ಬಾಜಿಯನ್ನೇ ಕಟ್ಟಿದರು. ಕೈಗೆ ಬರುತ್ತಿದ್ದ ದುಡ್ಡು ಬಿಟ್ಟರು. ಗೊತ್ತಿದ್ದರೆ ಯಾರಾದರೂ ಹಾಗೆ ಬಿಡುತ್ತಾರಾ?

ಅದಕ್ಕೂ ಮುಂಚೆ, 1995ರಲ್ಲಿ, ಆಲನ್ ಕೌವಿ ಮತ್ತು ಪೆಟ್ರಾ ಸ್ಟೋರಿಗ್ ಕೋತಿಗಳನ್ನೇ ಒಂದು ರೀತಿಯಲ್ಲಿ ಬಾಯಿ ಬಿಡಿಸಿದ್ದರು. ಕುರುಡು ಭಾಗದಲ್ಲಿ ಬೆಳಕು ಎಲ್ಲಿ ಬಂತೋ ಅಲ್ಲಿ ಮುಟ್ಟು ಅಂದರೆ ಕೋತಿ ಸರಿಯಾಗಿ ಮುಟ್ಟುತ್ತದೆ. ಆಮೇಲೆ ಆಟ ಬದಲಾಯಿಸಿ, "ಏನೂ ಇಲ್ಲ" ಅನ್ನಲು ಬೇರೆ ಒಂದು ಜಾಗ ಕೊಟ್ಟರು. ಈಗ ಅದೇ ಕುರುಡು ಭಾಗದಲ್ಲಿ ಬೆಳಕು ಬಂದರೆ ಕೋತಿ "ಏನೂ ಇಲ್ಲ" ಅನ್ನುವ ಜಾಗವನ್ನೇ ಒತ್ತಿತು. ಹೆಲೆನ್‌ಗೆ ಕೇಳಲಾಗದೆ ಉಳಿದಿದ್ದ ಪ್ರಶ್ನೆಯನ್ನು ಕೊನೆಗೂ ಒಂದು ಕೋತಿಗೆ ಕೇಳಿದ ಹಾಗಾಯಿತು.

ಚರ್ಚೆ ಇಲ್ಲಿಗೆ ಮುಗಿದಿಲ್ಲ. ಇದು ಅರಿವಿಲ್ಲದ ನೋಟ ಅಲ್ಲವೇ ಅಲ್ಲ, ತೀರಾ ಕೆಟ್ಟುಹೋದ, ಆದರೂ ಅರಿವಿರುವ ನೋಟ ಅಂತ ತತ್ವಶಾಸ್ತ್ರಜ್ಞ ಇಯಾನ್ ಫಿಲಿಪ್ಸ್ ವಾದಿಸುತ್ತಾರೆ. ಅವರ ವಾದದಲ್ಲಿ ಹುರುಳಿದೆ. ಡಿ.ಬಿ. ಕೂಡ ಕೆಲವು ಸಲ, ಕಾಣಲಿಲ್ಲ, ಆದರೆ ಏನೋ ಮೊನಚಾಗಿದೆ ಅನ್ನಿಸಿತು, ಏನೋ ನುಣುಪಾಗಿದೆ ಅನ್ನಿಸಿತು ಎಂದಿದ್ದರು. ಹೀಗೆ "ಏನೋ ಆಯಿತು" ಅನ್ನಿಸುವುದನ್ನು ವೈಸ್‌ಕ್ರಾಂಟ್ಸ್ ಬೇರೆ ಬಗೆ ಅಂತಲೇ ಗುರುತಿಸಿದ್ದರು. ಎಲ್ಲವನ್ನೂ ಹಿಂಜರಿಕೆ ಎಂದು ಕರೆದರೆ ಬಾಜಿಯಲ್ಲಿ ಬಿಟ್ಟ ದುಡ್ಡಿಗೂ ಟಿ.ಎನ್. ನಡಿಗೆಗೂ ಪೂರ್ತಿ ಲೆಕ್ಕ ಸಿಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ನೋಡುವುದು ಒಂದು ಕೆಲಸ, ನಾನು ನೋಡುತ್ತಿದ್ದೇನೆ ಅಂತ ತಿಳಿಯುವುದು ಇನ್ನೊಂದು ಕೆಲಸ. ಆರೋಗ್ಯವಾಗಿದ್ದಾಗ ಎರಡೂ ಜೊತೆಯಾಗಿ ನಡೆಯುವುದರಿಂದ ನಾವು ಎರಡನ್ನೂ ಒಂದೇ ಅಂದುಕೊಂಡಿರುತ್ತೇವೆ.

ಇದರ ತಿರುಗುಮುರುಗು ಕೂಡ ಇದೆ, ಅದು ಇನ್ನೂ ಕಲಕುವಂಥದ್ದು. ಏನೂ ಕಾಣದವರು ಕಾಣುತ್ತಿದೆ ಅಂತ ನಂಬುವ ಸ್ಥಿತಿ. ಆಸ್ಟ್ರಿಯಾದ ಗೇಬ್ರಿಯೆಲ್ ಆಂಟನ್ 19ನೇ ಶತಮಾನದ ಕೊನೆಯಲ್ಲಿ ಇಂಥ ರೋಗಿಗಳನ್ನು ವಿವರಿಸಿದರು, ಹಾಗಾಗಿ ಇದಕ್ಕೆ ಆಂಟನ್ ಸಿಂಡ್ರೋಮ್ ಎನ್ನುತ್ತಾರೆ. ಮಿದುಳಿನ ಹಿಂಭಾಗ ಹಾಳಾಗಿ ಪೂರ್ತಿ ಕುರುಡಾಗಿರುತ್ತಾರೆ. ಕೇಳಿದರೆ ಚೆನ್ನಾಗಿ ಕಾಣುತ್ತಿದೆ ಅನ್ನುತ್ತಾರೆ. ಡಾಕ್ಟರ್ ಯಾವ ಬಣ್ಣದ ಅಂಗಿ ಹಾಕಿದ್ದಾರೆ ಅಂದರೆ ಒಂದು ಬಣ್ಣವನ್ನೂ ಹೇಳುತ್ತಾರೆ. ಗೋಡೆಗೆ ಡಿಕ್ಕಿ ಹೊಡೆದರೆ ಬೆಳಕು ಕಡಿಮೆ ಇತ್ತು, ಕನ್ನಡಕ ಹಾಕಿರಲಿಲ್ಲ ಅಂತ ಕಾರಣ ಕೊಡುತ್ತಾರೆ. ಅದು ಸುಳ್ಳಲ್ಲ, ಹಟವೂ ಅಲ್ಲ. ರೋಮಿನ ತತ್ವಜ್ಞಾನಿ ಸೆನೆಕಾ ಸುಮಾರು ಎರಡು ಸಾವಿರ ವರ್ಷದ ಹಿಂದೆ ಬರೆದ ಒಂದು ಪತ್ರದಲ್ಲಿ ತಮ್ಮ ಮನೆಯಲ್ಲಿದ್ದ ಹಾರ್ಪಸ್ತೆ ಎಂಬ ಹೆಂಗಸಿನ ವಿಷಯ ಬರುತ್ತದೆ. ಆಕೆಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಿತ್ತು. ಅದು ಆಕೆಗೆ ಗೊತ್ತಿರಲಿಲ್ಲ. ಈ ಮನೆ ತುಂಬ ಕತ್ತಲು, ಬೇರೆ ಕಡೆ ಕರೆದುಕೊಂಡು ಹೋಗು ಅಂತ ನೋಡಿಕೊಳ್ಳುವವರನ್ನು ಕೇಳುತ್ತಲೇ ಇದ್ದಳು.

ಮಿದುಳಿಗೆ ಏಟು ಬೀಳದ ನಮ್ಮಲ್ಲೂ ನೋಡುವುದು, ನೋಡುತ್ತಿದ್ದೇನೆ ಅಂತ ತಿಳಿಯುವುದು ಈ ಎರಡು ಕೆಲಸ ಬೇರೆ ಬೇರೆಯೇ. ಅದನ್ನು ಚೆನ್ನಾಗಿ ತೋರಿಸಿಕೊಟ್ಟವರು ಮಿದುಳಿಗೆ ಏಟು ಬಿದ್ದಿದ್ದ ಡಿ.ಎಫ್. ಅನ್ನುವ ಮಹಿಳೆ. 1988ರಲ್ಲಿ ಇಟಲಿಯಲ್ಲಿ ಸ್ನಾನ ಮಾಡುವಾಗ ಕೆಟ್ಟ ವಾಟರ್ ಹೀಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಅವರ ಮಿದುಳಿಗೆ ಹಾನಿ ಮಾಡಿತು. ಆಗ ಅವರಿಗೆ 34 ವರ್ಷ. (ನಮ್ಮಲ್ಲೂ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿ ಜೀವ ಹೋಗುವ ಸುದ್ದಿ ಆಗಾಗ ಬರುತ್ತದೆ. ಆ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದಯವಿಟ್ಟು ಗೀಸರ್ ಅನ್ನು ಬಚ್ಚಲಿನ ಹೊರಗೆ ಹಾಕಿಸಿ.) ಡಿ.ಎಫ್.ಗೆ ಬಣ್ಣ ಕಾಣುತ್ತಿತ್ತು, ಆಕಾರ ತಿಳಿಯುತ್ತಿರಲಿಲ್ಲ. ಎದುರಿಗೆ ಪೆನ್ಸಿಲ್ ಹಿಡಿದು, ಇದು ನೆಟ್ಟಗಿದೆಯೋ ಅಡ್ಡ ಇದೆಯೋ ಅಂದರೆ ಹೇಳಲು ಬರುತ್ತಿರಲಿಲ್ಲ. ಅದನ್ನು ತೆಗೆದುಕೊಳ್ಳಿ ಅಂದರೆ ಕೈ ಸರಿಯಾದ ಕೋನಕ್ಕೆ ತಿರುಗಿ ಪೆನ್ಸಿಲ್ ಹಿಡಿಯುತ್ತಿತ್ತು. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ಎಂಬ ವಿಜ್ಞಾನಿಗಳು ಡಿ.ಎಫ್.ಗೆ ಪೋಸ್ಟ್ ಡಬ್ಬದ ಬಾಯಿಯಂಥ ಒಂದು ಸೀಳು ತೋರಿಸಿದರು. ಸೀಳು ಯಾವ ಕಡೆ ವಾಲಿದೆ ಅಂತ ಕೇಳಿದರೆ ತಪ್ಪು ಉತ್ತರ. ಕಾರ್ಡ್ ಅದರೊಳಗೆ ಹಾಕಿ ಅಂದರೆ ಕಾರ್ಡ್ ಸರಾಗವಾಗಿ ಒಳಗೆ.

1991ರಲ್ಲಿ ಪ್ರಕಟವಾದ ಈ ಪ್ರಯೋಗ ಒಂದು ದೊಡ್ಡ ವಿಚಾರಕ್ಕೆ ಬುನಾದಿಯಾಯಿತು. ತಲೆಯ ಹಿಂಭಾಗಕ್ಕೆ ತಲುಪಿದ ನೋಟ ಅಲ್ಲಿಂದ ಎರಡು ಕಡೆ ಕವಲೊಡೆಯುತ್ತದೆ. ಒಂದು ಕೆಳಗಡೆ, ಕಿವಿಯ ಪಕ್ಕದ ಭಾಗಕ್ಕೆ. ಇದು ಏನು, ಇವರು ಯಾರು ಅಂತ ಗುರುತಿಸುವುದು ಆ ಕವಲಿನ ಕೆಲಸ. ನಾವು "ಕಂಡೆ" ಅನ್ನುವುದು ಹೆಚ್ಚಾಗಿ ಇದನ್ನೇ. ಇನ್ನೊಂದು ಮೇಲ್ಗಡೆ, ನೆತ್ತಿಯ ಹಿಂಭಾಗಕ್ಕೆ. ಅದು ಕೈಕಾಲುಗಳಿಗೆ ದಾರಿ ತೋರಿಸುತ್ತದೆ, ನಮ್ಮನ್ನು ಕೇಳುವುದಿಲ್ಲ. ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಬ್ಯಾಟ್ಸ್‌ಮನ್ ಹತ್ತಿರ ಇರುತ್ತದೆ. ಕಂಡೆ, ಯೋಚಿಸಿದೆ, ತೀರ್ಮಾನಿಸಿದೆ ಅನ್ನಲು ಅಲ್ಲಿ ಸಮಯವೇ ಇಲ್ಲ. ಅಡುಗೆಮನೆಯ ಶೆಲ್ಫಿನಿಂದ ಜಾರಿದ ಲೋಟವನ್ನು ನೀವು ಹಿಡಿದ ಮೇಲೆ ತಾನೇ ಅದು ಜಾರಿತ್ತು ಅಂತ ಗೊತ್ತಾಗುವುದು?

ಇದೆಲ್ಲ ಪ್ರಯೋಗಶಾಲೆಯ ಕೌತುಕವಾಗಿ ಮಾತ್ರ ಉಳಿದಿಲ್ಲ. ಸ್ಟ್ರೋಕ್ ಆದವರಲ್ಲಿ ಒಂದು ಕಡೆಯ ನೋಟ ಹೋಗುವುದು ಅಪರೂಪವಲ್ಲ. ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ಮನೆಯವರು ಕೈಕಾಲಿನ ಶಕ್ತಿ, ಮಾತು ನೋಡುತ್ತಾರೆ, ನೋಟದ ಕಡೆ ಗಮನ ಹೋಗುವುದಿಲ್ಲ. ಒಂದೇ ಕಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಾರೆ, ಪೇಪರ್ ಓದುವಾಗ ಸಾಲಿನ ಒಂದು ತುದಿ ತಪ್ಪಿಸುತ್ತಾರೆ, ಆ ಕಡೆಯಿಂದ ಯಾರಾದರೂ ಬಂದರೆ ಬೆಚ್ಚಿಬೀಳುತ್ತಾರೆ ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಫೀಲ್ಡ್ ಟೆಸ್ಟ್, ಅಂದರೆ ಸುತ್ತ ಎಲ್ಲೆಲ್ಲಿ ಕಾಣುತ್ತದೆ ಅನ್ನುವ ಪರೀಕ್ಷೆ, ಮಾಡಿಸಬೇಕು. ಅದು ಆಗುವ ತನಕ ಗಾಡಿ ಓಡಿಸಲು ಬಿಡಬಾರದು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೆಲ್ ಹಕ್ಸ್‌ಲಿನ್ ಮತ್ತು ಅವರ ತಂಡ ಇಂಥವರಿಗೆ ಒಂದು ಅಭ್ಯಾಸ ಕೊಡುತ್ತಾರೆ. ಕಾಣದ ಭಾಗದ ಅಂಚಿನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಚುಕ್ಕೆಗಳು ಒಂದು ಕಡೆಗೆ ಸರಿಯುತ್ತವೆ. ಯಾವ ಕಡೆಗೆ ಅಂತ ಹೇಳಬೇಕು. ಮೊದಮೊದಲು ಬರೀ ಊಹೆ. ದಿನಾ, ತಿಂಗಳುಗಟ್ಟಲೆ ಮಾಡಿದರೆ ಕೆಲವರಲ್ಲಿ ಅಂಚು ಸ್ವಲ್ಪ ಸ್ವಲ್ಪವೇ ಒಳಗೆ ಸರಿದು, ಕಾಣುವ ಜಾಗ ಹೆಚ್ಚುತ್ತದೆ. 2020ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ವಿಷಯ ತಿಳಿಯಿತು. ಸ್ಟ್ರೋಕ್ ಆಗಿ ಮೂರು ತಿಂಗಳು ಕಳೆಯುವುದರೊಳಗೆ ಬಂದ ಕೆಲವರಲ್ಲಿ ಕುರುಡು ಭಾಗದಲ್ಲೂ ಚಲನೆ ಗುರುತಿಸುವ ಶಕ್ತಿ ಇನ್ನೂ ಉಳಿದಿತ್ತು. ಅಭ್ಯಾಸಕ್ಕೆ ಅವರು ಬೇಗ ಚೇತರಿಸಿಕೊಂಡರು. ತಡವಾಗಿ ಬಂದವರಲ್ಲಿ ಅದು ಆಗಲೇ ಅಳಿಸಿಹೋಗಿತ್ತು. ಕೈಕಾಲಿನ ಫಿಸಿಯೊಥೆರಪಿ ಮೊದಲ ವಾರದಲ್ಲೇ ಶುರುವಾಗುತ್ತದೆ. ನೋಟದ ಪರೀಕ್ಷೆಯೂ ಆಗಲೇ ಆಗಬೇಕು.